ಏಳನೆಯ ಸೋಮವಾರದ ನೀರು

ವರದಾ ನದಿಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ನಲವತ್ತು ಮಕ್ಕಳು ಇದ್ದು ಓದುತ್ತಿದ್ದರು. ಅದನ್ನು ನಡೆಸುತ್ತಿದ್ದ ಗಂಗಾಂಬಿಕೆ ಅವ್ವ ಒಂದು ಕಾಲಕ್ಕೆ ದೊಡ್ಡ ಊರಿನಲ್ಲಿ ವೈರಸ್‌ಗಳ ಬೆನ್ನು ಹತ್ತಿದ ವಿಜ್ಞಾನಿ. ಈಗ ಹಳೆಯ ದನದ ಕೊಟ್ಟಿಗೆಗೆ ಸುಣ್ಣ ಬಳಿದು ಅದನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದರು.

ವೃಷಭೇಂದ್ರ ಅವರ ಹತ್ತಿರ ಕಲಿಯಲು ಬಂದ. ಹೆಸರಿನಷ್ಟೇ ಭಾರದ ಪದವಿಗಳನ್ನು ಹೊತ್ತು ತಂದಿದ್ದ.

ಅವ್ವ ಅವನ ಕೈಗೆ ಒಂದು ಬಾಟಲಿ ಕೊಟ್ಟರು.

“ಸೋಮವಾರಕ್ಕೊಮ್ಮೆ ಮಕ್ಕಳ ವಸತಿಯ ಗಟಾರದ ನೀರು ತಾ. ಪರೀಕ್ಷೆ ಮಾಡು. ಕಂಡದ್ದನ್ನ ಪುಸ್ತಕದಾಗ ಬರಿ.”

“ಗಟಾರದ ನೀರು ಏನ್ರಿ ಅವ್ವಾರ?”

“ಗಂಗಾಜಲದಾಗ ನಮಗ ಬೇಕಾದ್ದು ಸಿಗಂಗಿಲ್ಲಪಾ.”

ಅವರು ಕಾಯುತ್ತಿದ್ದುದು ಒಂದು ಎಂಟರೋವೈರಸ್‌ಗಾಗಿ. ಮಕ್ಕಳು ಕೆಮ್ಮುವ ಮೊದಲೇ ಅದು ಶೌಚದ ನೀರಿನಲ್ಲಿ ಕಾಣಿಸಿಕೊಳ್ಳಬಹುದು. ಬಹಳ ಮಕ್ಕಳಿಗೆ ಅದರಿಂದ ನೆಗಡಿ, ಕೆಮ್ಮು ಅಷ್ಟೇ. ಕೆಲವರಿಗೆ ಉಸಿರು ಕಟ್ಟುತ್ತದೆ. ಎಲ್ಲೋ ಒಂದು ಮಗುವಿಗೆ ಕೈಕಾಲಿನ ಬಲವೇ ಹೋಗಿಬಿಡುತ್ತದೆ.

ಆರು ಸೋಮವಾರ ಅವನು ಮೂಗು ಮುಚ್ಚಿಕೊಂಡು ನೀರು ತಂದ. ಆರು ಸಲವೂ ‘ಏನೂ ಇಲ್ಲ’ ಎಂದು ಬರೆದ.

ಏಳನೆಯ ಸೋಮವಾರ ಮಳೆ ಹಿಡಿದಿತ್ತು. ಗಟಾರದ ತನಕ ಕೆಸರು. ಹೋದರೂ ಅಷ್ಟೇ, ಬಿಟ್ಟರೂ ಅಷ್ಟೇ ಅನ್ನಿಸಿತು. ಬಾಟಲಿಯನ್ನು ಮುಟ್ಟದೆಯೇ ‘ಏನೂ ಇಲ್ಲ’ ಎಂದು ಬರೆದು, ಬಿಸಿ ಚಹಾ ಕುಡಿದ.

ಎಂಟನೆಯ ಸೋಮವಾರ ನೀರಿನಲ್ಲಿ ವೈರಸ್ ಸಿಕ್ಕಿತು. ಮಂಗಳವಾರ ಒಂದೇ ಕೋಣೆಯ ಐದು ಮಕ್ಕಳು ಕೆಮ್ಮಿದರು. ಬುಧವಾರ ಅವರಲ್ಲೊಬ್ಬಳು, ಎಂಟು ವರ್ಷದ ಭುವನಾ, ಉಸಿರಿಗೆ ಒದ್ದಾಡಿ ಆಸ್ಪತ್ರೆ ಸೇರಿದಳು.

ಶುಕ್ರವಾರ ಬೆಳಿಗ್ಗೆ ಮಕ್ಕಳೆಲ್ಲ ರಜೆಗೆ ಊರಿಗೆ ಹೋಗಬೇಕಿತ್ತು. ಅಂಗಳದಲ್ಲಿ ಬಸ್ಸು ನಿಂತಿತ್ತು.

ಕೊಟ್ಟಿಗೆಯಲ್ಲಿ ಅವ್ವ ಐದು ಮಕ್ಕಳ ಮೂಗಿನಿಂದ ತೆಗೆದ ವೈರಸ್‌ನ ವಂಶವಾಹಿಯ ಅಕ್ಷರಮಾಲೆಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ನೋಡುತ್ತಿದ್ದರು. ಏಳು ಸಾವಿರ ಚಿಲ್ಲರೆ ಅಕ್ಷರ. ಅವರ ಮುಖದಲ್ಲಿ ಮೊಮ್ಮಗುವಿನ ಮೊದಲ ಹೆಜ್ಜೆ ನೋಡುವವರ ಬೆರಗು.

“ನೋಡು ತಮ್ಮಾ. ಇದು ತನ್ನನ್ನ ತಾನು ನಕಲು ಮಾಡ್ಕೋತಾ ಹೋಗತೈತಿ. ನಕಲು ಮಾಡುವಾಗ ತಪ್ಪತೈತಿ. ಹತ್ತು ದಿನಕ್ಕ ಸುಮಾರು ಒಂದು ಅಕ್ಷರ. ತಿದ್ದೂದು ಇದಕ್ಕ ಗೊತ್ತಿಲ್ಲ.”

“ಈ ಐದರಾಗ ಎಷ್ಟು ಬದಲಾಗ್ಯಾವರಿ?”

“ಒಂದಕ್ಕೊಂದು ಎರಡು, ಮೂರು. ಎರಡೂ ಕಡೆ ತಪ್ಪಿರತೈತಿ, ಅದಕ್ಕ ಅದರ ಅರ್ಧ ಹಿಡಿ. ಅಂದ್ರ ಇದು ಬಂದು ಸುಮಾರು ಹದಿನೈದು ದಿನ ಆಗೇತಿ. ಹಂಗಾದ್ರ ಎಲ್ಲಾ ಕೋಣೆಗೂ ಹಬ್ಬಿರತೈತಿ. ಒಂದು ಮಗೂನೂ ಊರಿಗೆ ಕಳಸೂ ಹಂಗಿಲ್ಲ.”

ವೃಷಭೇಂದ್ರನ ಕಣ್ಣು ಪುಸ್ತಕದ ಕಡೆ ಹೋಯಿತು.

ಅವ್ವ ಪುಸ್ತಕ ತೆರೆದರು.

“ಆದ್ರ ಹೋದ ವಾರದ ಸೋಮವಾರದ ನೀರಿನಾಗ ಏನೂ ಇಲ್ಲ ಅಂತ ನೀ ಬರದೀ. ಹಂಗಾದ್ರ ಇದು ಆಮ್ಯಾಲ ಬಂದದ್ದು, ಬ್ಯಾರೆ ಕೋಣೆಗೆ ಇನ್ನೂ ಹಬ್ಬಿರಂಗಿಲ್ಲ. ಕೆಮ್ಮಿದ ಕೋಣೆಯವರನ್ನ ಇಟ್ಕೊಂಡು ಉಳಿದವರನ್ನ ಕಳಸಬಹುದು.”

ಹೊರಗೆ ಮಕ್ಕಳು ಕಿಟಕಿಯ ಪಕ್ಕದ ಜಾಗಕ್ಕೆ ಜಗಳವಾಡುತ್ತಿದ್ದರು.

“ನಂದು ಅಂದಾಜಿನ ಲೆಕ್ಕ,” ಅಂದರು ಅವ್ವ. “ನಿಂದು ಕಣ್ಣಾರೆ ಕಂಡದ್ದು. ಪುಸ್ತಕಾನ ನಂಬೂಣು. ಬಸ್ಸಿಗೆ ಹೊರಡಾಕ ಹೇಳಿ ಬಾ.”

ಅವನು ಬಾಗಿಲ ತನಕ ಹೋದ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮಕ್ಕಳ ಮನೆಗಳಲ್ಲಿ ತೊಟ್ಟಿಲ ಕೂಸುಗಳಿದ್ದವು. ಭುವನಾಳ ಎದೆ ಏರಿಳಿದದ್ದು ಕಣ್ಣಿಗೆ ಕಟ್ಟಿತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಅವ್ವಾರ, ಪುಸ್ತಕ ಸುಳ್ಳು. ಅವತ್ತು ನಾ ನೀರು ತಂದೇ ಇಲ್ಲ.”

ಅವ್ವ ಅವನನ್ನು ನೋಡಿದರು. ಎದ್ದು ಹೋಗಿ ಬಸ್ಸಿನ ಮುಂದೆ ನಿಂತು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಇಳಿಸಿಕೊಂಡರು. ಬಸ್ಸು ಖಾಲಿ ಹೋಯಿತು.

ಎರಡು ದಿನದಲ್ಲಿ ಎಲ್ಲ ಕೋಣೆಗಳಲ್ಲೂ ಕೆಮ್ಮು ಕೇಳಿಸಿತು. ಆದರೆ ಕಾಯಿಲೆ ಮಕ್ಕಳ ಊರುಗಳಿಗೆ ಹೋಗಲಿಲ್ಲ. ಭಾನುವಾರ ಸಂಜೆ ಭುವನಾ ಆಸ್ಪತ್ರೆಯಲ್ಲಿ ಎದ್ದು ಕೂತು ಅವಲಕ್ಕಿ ಕೇಳಿದಳಂತೆ. ಸುದ್ದಿ ಕೇಳಿ ವೃಷಭೇಂದ್ರ ಅತ್ತುಬಿಟ್ಟ.

ಮರುದಿನ ಅವನು ಚೀಲ ಕಟ್ಟಿದ. ಹೋಗುವ ಮುನ್ನ ಪುಸ್ತಕದಿಂದ ಆ ಸುಳ್ಳಿನ ಹಾಳೆಯನ್ನು ಹರಿಯಲು ಕೈ ಹಾಕಿದ.

ಅವ್ವ ಅವನ ಕೈ ಹಿಡಿದರು.

“ಹರೀಬ್ಯಾಡ. ಮಗ್ಗಲಕ್ಕ ಖರೇ ಏನಂತ ಬರಿ.”

“ಈ ತಪ್ಪು ಇಲ್ಲೇ ಉಳೀಬೇಕೇನ್ರಿ ಅವ್ವಾರ? ಇದನ್ನ ನೋಡಿ ನನ್ನನ್ನ ಯಾರು ನಂಬತಾರ?”

ಅವ್ವ ಬಾಟಲಿಯನ್ನು ತೊಳೆದು, ಸೆರಗಿನಿಂದ ಒರೆಸಿ ಅವನ ಮುಂದಿಟ್ಟರು.

“ಆ ವೈರಸ್ ತನ್ನ ತಪ್ಪನ್ನೆಲ್ಲಾ ಅಳಿಸಿಕೋತ ಹೋಗಿದ್ರ, ಅದು ನಡೆದ ದಾರಿ ನಮಗ ಹೆಂಗ ಕಾಣತಿತ್ತು? ಏಳು, ಇವತ್ತು ಸೋಮವಾರ.”