ಗುಡ್ಡದ ಸಂದಿಯ ಬೇಡಪ್ಪ

ಒಂದಾನೊಂದು ಕಾಲದಲ್ಲಿ, ಕಣ್ಣು ಮುಚ್ಕೋ ಮಗಾ, ಕಿವಿ ಮಾತ್ರ ತೆಗೆದಿಟ್ಕೋ, ಕುರಿ ಕಾಯೋರ ಒಂದು ಹಟ್ಟಿ ಇತ್ತಂತೆ. ಅಲ್ಲಿ ಬೀರ, ಮಾಳ ಅಂತ ಅಣ್ಣಂದಿರು, ಅವರ ಬೆನ್ನಿಗೆ ಕೆಂಚಿ ಅಂತ ಪುಟ್ಟ ತಂಗಿ. ಕೆಂಚಿ ಒಂದು ತಬ್ಬಲಿ ಕುರಿಮರಿ ಸಾಕಿದ್ಲಂತೆ. ಬಟ್ಟೆ ತುದೀನ ಹಾಲಲ್ಲಿ ಅದ್ದಿ ಬಾಯಿಗಿಟ್ರೆ ಮಾತ್ರ ಕುಡಿಯೋದಂತೆ, ಅದೂ ಕೆಂಚಿ ಕೈಯಿಂದ್ಲೇ.

ಒಂದಿನ ಆ ಮರಿ ಗುಡ್ಡದ ಸಂದಿ ದಾಟಿ ಆಚೆ ಹೋಗ್ಬಿಡ್ತಂತೆ. ಹೊತ್ತು ಇಳೀತಾ ಇದೆ, ಹಾಲಿಲ್ದೆ ಅದು ಉಳಿಯಲ್ಲ. ಆದ್ರೆ ಹೋಗೋರ್ಯಾರು? ಸಂದೀಲಿ ಬೇಡಪ್ಪ ಇದಾನಲ್ಲ! ಅವನನ್ನ ಕಂಡೋರು ಯಾರೂ ಇಲ್ಲ, ಅವನಿಗೆ ಹೆದರದೋರೂ ಯಾರೂ ಇಲ್ಲ.

ಬೀರ ದೊಣ್ಣೆ ಹಿಡ್ಕೊಂಡು ಹೋಗಿ, ಸಂದಿ ಬಾಯಲ್ಲಿ ನಿಂತು, ಲೇ ಬೇಡಪ್ಪಾ ಅಂತ ಕೂಗಿದ್ನಂತೆ. ಒಳಗಿಂದ, ಬೇಡಪ್ಪಾ... ಬೇಡಪ್ಪಾ... ಅಂತ ಬಂತಂತೆ. ಅಯ್ಯೋ, ಬೇಡ ಅಂತಾನೆ ಅಂತ ಎದ್ದೆನೋ ಬಿದ್ದೆನೋ ಅಂತ ಓಡಿಬಂದ. ಆಮೇಲೆ ಮಾಳ ಹೋದ, ಹತ್ರ ಬರಬೇಡ ಅಂತ ಕೂಗಿದ, ಅಲ್ಲಿಂದ್ಲೂ ಬರಬೇಡ, ಬರಬೇಡ ಅಂತ ಬಂತು, ಚಪ್ಪಲಿ ಅಲ್ಲೇ ಬಿಟ್ಟು ಓಡಿದ್ನಂತೆ. ಗಂಡುಗಲಿಗಳು ನೋಡು!

ಆಮೇಲೆ ಕೆಂಚಿ ಹಾಲಿನ ಗಿಂಡಿ ಹಿಡ್ಕೊಂಡು ಹೊರಟ್ಲಂತೆ. ಅವಳಿಗೂ ಹೆದ್ರಿಕೆ, ಆದ್ರೆ ಮನಸ್ಸೆಲ್ಲ ಮರಿ ಹಸಿವಿನ ಮೇಲೇ. ದಿನಾ ಕರೆಯೋ ಹಾಗೆ, ಬಾ ಕಂದಾ, ಬಾ ಅಂದ್ಲಂತೆ. ಒಳಗಿಂದ ಮೆತ್ತಗೆ, ಬಾ ಕಂದಾ... ಬಾ... ಅಂತ ಬಂತಂತೆ. ಪಾಪ, ಕರೀತಾನಲ್ಲ ಅಂತ ಒಳಗೆ ಹೋದ್ಲು. ತಣ್ಣನೆ ಗಾಳಿ, ಆಮೇಲೆ ಮೊಣಕಾಲುದ್ದ ಹುಲ್ಲು, ಹುಲ್ಲಿನ ತುಂಬ ಬೆಳ್ಳನೆ ಹೂವು, ಹೂವಿನ ಮಧ್ಯೆ ಸುಸ್ತಾಗಿ ಮಲಗಿತ್ತಂತೆ ಮರಿ. ಬಟ್ಟೆ ತುದಿ ಬಾಯಿಗಿಟ್ಟ ತಕ್ಷಣ ಬಾಲ ಅಲ್ಲಾಡಿಸ್ತಂತೆ.

ಮರೀನ ಹೆಗಲ ಮೇಲೆ ಹೊತ್ತು ಬಂದು, ತಾತಾ, ಬೇಡಪ್ಪ ನನ್ನ ಬಾ ಅಂದ ಅಂದ್ಲಂತೆ. ಹಟ್ಟಿಗೆಲ್ಲ ಹಿರಿಯ ಆ ತಾತ ಮೊದ್ಲು ಬೆಪ್ಪಾದ, ಆಮೇಲೆ ಬೊಚ್ಚುಬಾಯಿ ಬಿಟ್ಟು ನಕ್ಕ. ಚಿಕ್ಕೋನಿದ್ದಾಗ, ಆ ಸಂದೀಲಿ ಯಾರಪ್ಪಾ ಇರೋದು, ಹೋಗಿ ನೋಡ್ಲಾ ಅಂತ ಕೇಳಿದ್ದೆ ಕಣವ್ವಾ. ನಮ್ಮಪ್ಪ ಕುರಿ ಉಣ್ಣೆ ಕತ್ತರಿಸ್ತಾ, ತಲೆ ಕೂಡ ಎತ್ತದೆ, ಬೇಡಪ್ಪ ಅಂದ. ನಾನು ಅದೇ ಅವನ ಹೆಸರು ಅನ್ಕೊಂಡು ಹಟ್ಟಿಗೆಲ್ಲ ಸಾರಿಬಿಟ್ಟೆ ಅಂದ್ನಂತೆ!

ಮಾರನೇ ದಿನದಿಂದ ಹಟ್ಟಿ ಕುರಿಗಳೆಲ್ಲ ಆಚೆ ಹುಲ್ಲು ಮೇಯ್ದು ದುಂಡಗಾದ್ವಂತೆ. ಈಗ್ಲೂ ಅಲ್ಲಿ ಯಾರ ಮನಸ್ಸಾದ್ರೂ ಹಿಂದೇಟು ಹಾಕಿದ್ರೆ, ಬೇಡಪ್ಪ ಬಂದ ನೋಡು ಅಂತಾರಂತೆ. ನೀನು ಮೊದ್ಲು ಬಾ ಅನ್ನು, ಅವನೂ ಬಾ ಅಂತಾನೆ ಅಂತಾರಂತೆ.

ನಿದ್ದೇನೂ ಹಾಗೇ ಕರೀಬೇಕು ಮಗಾ. ಬಾ ಅನ್ನು... ಬಂತಾ? ಹಾಂ, ಮರಿ ಮಲಗ್ತು, ಕೆಂಚಿ ಮಲಗಿದ್ಲು, ನಮ್ಮ ಕತೇನೂ ಮುಗೀತು.