ಹಗ್ಗದ ಮೇಲಿನ ಜನಗಣತಿ

“ತಲೆ ಎಣಿಸೋಕೆ ಮನೆಮನೆ ಅಲೆಯೋದು ದಡ್ಡರ ಕೆಲಸ, ಬುದ್ಧಿ. ನಾನು ಕೋಟೆಯ ಬುರುಜಿನ ಮೇಲೆ ನಿಂತೇ ಎಣಿಸಿಬಿಟ್ಟೆ,” ಎಂದ ಕರಣಿಕ ನಂಜರಸಯ್ಯ.

“ಯಾರನ್ನ?” ಎಂದ ಚಿಕ್ಕರಾಯ ದೊರೆ.

“ಕೋಟೆಯಾಚೆಯ ಹೊರಪೇಟೆಯವರನ್ನ. ಅಲ್ಲಿ ಹಗ್ಗದ ಮೇಲೆ ಒಣಗೋ ಬಟ್ಟೆ ನೋಡಿದರಾಯಿತು. ಹತ್ತು ವರ್ಷದ ಹಿಂದೆ ಇನ್ನೂರಿತ್ತು, ಈಗ ಆರುನೂರು. ಅಂದಮೇಲೆ ಜನ ಮೂರು ಪಟ್ಟು. ಆಗ ಬರೀ ಮೋಟು ಪಂಚೆ, ಈಗ ಸಾಲುಸಾಲು ಜರಿಯಂಚು. ಅಂದಮೇಲೆ ಆದಾಯ ಹತ್ತು ಪಟ್ಟು. ಇಂಥ ಸಾಹುಕಾರರಿಗೆ ಅರಮನೆ ಕೆರೆಯ ನೀರು ಯಾಕೆ? ಬಾವಿ ತೋಡಿಸಿಕೊಳ್ಳಲಿ. ಆ ನೀರು ನನ್ನ ಮಾವಿನ ತೋಪಿಗಾದರೂ ಆದೀತು.”

“ಸರಿ, ನಾಡಿದ್ದು ತೂಬು ಮುಚ್ಚಿಸಿ,” ಎಂದುಬಿಟ್ಟ ದೊರೆ.

ದೇಮಕ್ಕನಿಗೆ ಬಾಯಲ್ಲಿದ್ದ ಎಲೆಅಡಿಕೆ ಗಂಟಲಿಗೆ ಸಿಕ್ಕಿತು. ಮಾತಿನ ಚುರುಕಿಗೆಂದೇ ಆಸ್ಥಾನದಲ್ಲಿ ಅವಳಿಗೊಂದು ಮಣೆ. ಹುಟ್ಟಿದ್ದು ಮಾತ್ರ ಹೊರಪೇಟೆಯಲ್ಲಿ. ಅದು ಮಡಿವಾಳರ ಕೇರಿ, ನೀರು ನಿಂತರೆ ಒಲೆಯೂ ಆರುತ್ತದೆ. ಕೋಟೆಯ ಹೆಂಗಸರಿಗೆಲ್ಲ ಇದು ಗೊತ್ತು. ಗಂಡಸರು ಮಾತ್ರ ಬಿಚ್ಚಿ ಮೂಲೆಗೆಸೆದ ಪಂಚೆ ತಾನಾಗಿಯೇ ಬೆಳ್ಳಗಾಗಿ, ಮಡಿಚಿಕೊಂಡು, ಪೆಟ್ಟಿಗೆಯೊಳಗೆ ಹೋಗಿ ಮಲಗುತ್ತದೆಂದು ನಂಬಿದ್ದರು.

ನೇರ ಹೇಳಿದರೆ ಕರಣಿಕ ಹತ್ತು ಕಡತ ಬಿಚ್ಚಿ ವಾದಕ್ಕಿಳಿಯುತ್ತಾನೆ. ಅವನ ಲೆಕ್ಕ ಅವನ ಮೈಮೇಲೇ ಬರಬೇಕು ಅಂದುಕೊಂಡಳು.

“ನಮ್ಮೂರಲ್ಲಿ ಇಂಥ ಸಾಹುಕಾರರಿದ್ದಾರೆಂದು ನನಗೇ ಗೊತ್ತಿರಲಿಲ್ಲ, ಸ್ವಾಮಿ. ತೂಬು ಮುಚ್ಚೋ ಮುಂಚೆ ಎಲ್ಲರಿಗಿಂತ ದೊಡ್ಡ ಸಾಹುಕಾರನಿಗೆ ನಾಳೆ ಇಲ್ಲೊಂದು ಹಾರ ಹಾಕೋಣ. ಬುರುಜಿನಿಂದ ನೀವೇ ಆರಿಸಿಕೊಡಿ.”

ದೊರೆಯೂ ಬುರುಜು ಹತ್ತಿದ. ನಂಜರಸಯ್ಯ ಕಣ್ಣು ಕಿರಿದು ಮಾಡಿ ಬೆರಳು ತೋರಿಸಿದ. “ಅಗೋ, ಮೂರನೇ ಹಗ್ಗ. ಗಿಣಿಹಸಿರು ಅಂಚಿಗೆ ಅಂಗೈಯಗಲ ಜರಿ. ಅದನ್ನ ಉಡೋನೇ ದೊಡ್ಡ ಸಾಹುಕಾರ.”

“ಗುರುತಿಗೆ ಅದರ ಚುಂಗಿಗೊಂದು ಕೆಂಪು ದಾರ ಕಟ್ಟಿಸ್ತೀನಿ,” ಎಂದು ದೇಮಕ್ಕ ಇಳಿದಳು.

ಹೊರಪೇಟೆಯ ಯಜಮಾನ ಮುದ್ದಯ್ಯ ಪಂಚೆಯ ಮೂಲೆಯಲ್ಲಿದ್ದ ಮಸಿಯ ಗುರುತು ನೋಡಿದ. “ಮೂರು ಚುಕ್ಕಿ, ಒಂದು ಗೆರೆ. ಕರಣಿಕರ ಮನೇದು ಕಣವ್ವ.”

ಅರಮನೆಯ ಯಾರದ್ದಾಗಿದ್ದರೂ ಕೆಲಸ ಆಗುತ್ತಿತ್ತು. ದೇವರು ಅವತ್ತು ಸ್ವಲ್ಪ ಹೆಚ್ಚೇ ಕಣ್ಣುಬಿಟ್ಟಿದ್ದ. ದೇಮಕ್ಕ ದಾರ ಕಟ್ಟಿ, ಪಂಚೆಯನ್ನು ಕರಣಿಕನ ಹೆಂಡತಿ ತುಂಗಾಜಮ್ಮನಿಗೆ ತಾನೇ ಮುಟ್ಟಿಸಿದಳು. ಇಬ್ಬರೂ ಜಗುಲಿಯಲ್ಲಿ ಕೂತು ಬಹಳ ಹೊತ್ತು ನಕ್ಕರು.

ಮರುದಿನ ಆಸ್ಥಾನ ತುಂಬಿತ್ತು. “ಎಲ್ಲಿ ನಿನ್ನ ಸಾಹುಕಾರ?” ಎಂದ ದೊರೆ.

ಹೆಂಡತಿ ತೆಗೆದುಕೊಟ್ಟಿದ್ದನ್ನು ಉಟ್ಟುಕೊಂಡು ಕರಣಿಕ ಒಳಗೆ ಬಂದ. ದೇಮಕ್ಕ ಹಾರ ಹಿಡಿದು ಎದುರು ಹೋದಳು.

“ಬನ್ನಿ ಸಾಹುಕಾರರೇ. ಹೊರಪೇಟೆಯಲ್ಲಿ ಎಲ್ಲರೂ ಸುಖವೇ?”

“ಏನಮ್ಮ ಇದು ಹುಡುಗಾಟ?”

“ಚುಂಗು ನೋಡಿಕೊಳ್ಳಿ, ಸ್ವಾಮಿ.”

ಗಿಣಿಹಸಿರು ಅಂಚಿನ ತುದಿಯಲ್ಲಿ ಕೆಂಪು ದಾರ, ಪಕ್ಕದಲ್ಲೇ ಮಡಿವಾಳರ ಮಸಿಯ ಗುರುತು. ದೊರೆ ಯಾರಿಗೂ ಕಾಣದಂತೆ ತನ್ನ ಶಾಲಿನ ಮೂಲೆ ತಿರುವಿ ನೋಡಿಕೊಂಡ. ಅಲ್ಲೂ ಮಸಿಯ ಚುಕ್ಕಿ.

“ಹಾಗಾದರೆ ದೇಮಕ್ಕ, ಅಲ್ಲಿ ಹತ್ತು ವರ್ಷದಲ್ಲಿ ಬೆಳೆದದ್ದಾದರೂ ಏನು?”

“ನಲವತ್ತಿದ್ದ ಮನೆ ಮೂವತ್ತೊಂದಾಗಿದೆ, ಬುದ್ಧಿ. ಕೂಲಿ ಆಗ ಎಷ್ಟೋ ಈಗಲೂ ಅಷ್ಟೇ. ಬೆಳೆದದ್ದು ಜನವೂ ಅಲ್ಲ, ಆದಾಯವೂ ಅಲ್ಲ. ಅರಮನೆಯ ಕೊಳೆ.”

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ತೂಬು ಮುಚ್ಚಲಿಲ್ಲ, ಕೂಲಿ ಎರಡು ಪಟ್ಟಾಯಿತು.

“ಈ ಹಾರ ಏನು ಮಾಡಲಿ?” ಎಂದಳು ದೇಮಕ್ಕ.

“ಹಾಕಿಬಿಡು. ಸಾಹುಕಾರರು ಹಾರದ ಸಮೇತ ಹೊರಪೇಟೆಗೆ ಹೋಗಿ, ಮನೆಮನೆ ಅಲೆದು ತಲೆ ಎಣಿಸಿ ಬರಲಿ.”

ಕರಣಿಕ ತಲೆ ತಗ್ಗಿಸಿ ಬಾಗಿಲ ಕಡೆ ನಡೆದ.

“ಬರಿಗೈಲಿ ಹೋಗಬೇಡಿ ಸ್ವಾಮಿ,” ಎಂದಳು ದೇಮಕ್ಕ. “ಒಗೆಯೋ ಬಟ್ಟೆ ತುಂಗಾಜಮ್ಮ ಗಂಟು ಕಟ್ಟಿಟ್ಟಿದ್ದಾರೆ.”