ಹೂವಿಲ್ಲದ ಗಿಡಗಳ ಓಲೆ

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಆ ಆಶ್ರಮದಲ್ಲಿ ಯಾರಿಗೂ ಓದಲು ಬಾರದ ಒಂದು ಓಲೆಗರಿಯ ಕಟ್ಟು.

ಒಂದೊಂದು ಗರಿಯ ಮೇಲೂ ಒಂದೊಂದು ಗಿಡವನ್ನು ಅಡ್ಡ ಮಲಗಿಸಿ ಬರೆದಿತ್ತು. ಪಕ್ಕದಲ್ಲಿ ಅಕ್ಷರ. ಅಕ್ಷರವೆಂದರೆ ಗೆರೆಗಳಲ್ಲ, ಉಕ್ಕಿನ ಮೊನೆಯಿಂದ ಚುಚ್ಚಿದ ಚುಕ್ಕಿಗಳ ಗುಂಪು.

ಗಿಡಗಳೂ ವಿಚಿತ್ರವೇ. ಒಂದರ ಕಾಂಡ ಗುಡಿಯ ಕಂಬದ ಹಾಗೆ ಚೌಕ. ಇನ್ನೊಂದರ ಎಲೆ ರೊಟ್ಟಿಯಷ್ಟು ದಪ್ಪ. ಮತ್ತೊಂದರ ಮೈತುಂಬ ಮೀನಿನ ಗಾಳಗಳು. ಯಾವುದಕ್ಕೂ ಹೂವಿಲ್ಲ.

ಬಂದ ಪಂಡಿತರೆಲ್ಲ ನೋಡಿ ಹೋದರು. ಒಬ್ಬರು ಇವು ದೇವಲೋಕದ ಗಿಡಗಳು ಎಂದರು. ಒಬ್ಬರು ಪ್ರಳಯಕ್ಕೆ ಮೊದಲಿನವು ಎಂದರು. ಊಟ ರುಚಿಯಾಗಿದ್ದ ದಿನ ಅಭಿಪ್ರಾಯಗಳೂ ಧಾರಾಳವಾಗಿ ಬರುತ್ತಿದ್ದವು.

ಆಶ್ರಮದ ಗುರು ಹಂಪಯ್ಯ ವೈದ್ಯರು. ಈ ಕಟ್ಟು ಅವರ ಗುರುವಿನಿಂದ ಅವರ ಕೈಗೆ ಬಂದದ್ದು. ಹರೆಯದಿಂದ ಅದನ್ನು ಹಿಡಿದು ಗುಡ್ಡ ಸುತ್ತಿದರು, ಗಿಡಕ್ಕೆ ಗಿಡ ಹೋಲಿಸಿ ನೋಡಿದರು. ಒಂದೂ ಹೊಂದಲಿಲ್ಲ.

ಆಮೇಲೆ ಕಣ್ಣು ಮಂಜಾದವು. ಆಮೇಲೆ ಪೂರಾ ಹೋದವು.

ಅಂದಿನಿಂದ ಹಂಪಯ್ಯ ಔಷಧಿ ಕೊಡುವುದನ್ನು ಬಿಟ್ಟರು. ಎಲೆ ಕಾಣದವನು ಅಂದಾಜಿನ ಮೇಲೆ ಜೀವದ ಜೊತೆ ಆಟವಾಡಬಾರದು ಎಂಬುದು ಅವರ ಮಾತು. ರೋಗಿಗಳು ಕೂರುತ್ತಿದ್ದ ಕಟ್ಟೆಯ ಮೇಲೆ ಈಗ ಆಡುಗಳು ಮಲಗುತ್ತಿದ್ದವು.

ಅವರಿಗೆ ಉಳಿದಿದ್ದವನು ಸೋವಣ್ಣ ಎಂಬ ಒಬ್ಬನೇ ಶಿಷ್ಯ. ಒಂದು ದಿನ ಅವನನ್ನು ಕರೆದು, ಹೊಳೆಗೆ ಹೊಸ ನೀರು ಬಂದ ದಿನ ಆ ಕಟ್ಟನ್ನು ನೀರಿಗೆ ಬಿಟ್ಟುಬಿಡು ಎಂದರು. ಓದಲಾಗದ ಓಲೆಯನ್ನು ಹೊಳೆಗೆ ಒಪ್ಪಿಸುವುದು ಅಲ್ಲಿಯ ವಾಡಿಕೆ.

ಸೋವಣ್ಣ ಬೇಡಿಕೊಂಡ. ತಾನು ಓದಲು ನೋಡುತ್ತೇನೆ, ತನಗೆ ಕೊಡಿ ಎಂದ.

"ನನ್ನ ಜನ್ಮ ತಿಂದೈತಿ ಅದು," ಎಂದರು ಗುರುಗಳು. "ನಿಂದೂ ತಿನ್ನೂದು ಬ್ಯಾಡ."

ಸೋವಣ್ಣನಿಗೆ ದುಃಖ ಒತ್ತರಿಸಿ ಬಂತು. "ನಿಮ್ಮ ಕಣ್ಣು ಇನ್ನೊಂದ್ ನಾಕ್ ವರ್ಷ ಇರಬಾರದಿತ್ತೇನ್ರಿ ಅಜ್ಜಾರ? ನೀವ ಓದತಿದ್ರಿ."

ಅದೇ ನೋವು ಹಂಪಯ್ಯನವರಿಗೂ ಇತ್ತು.

ಹೊಸ ನೀರು ಬಂತು, ಕೆಂಪಗೆ, ಕಸ ಕಡ್ಡಿ ಹೊತ್ತುಕೊಂಡು. ಸೋವಣ್ಣ ಕಟ್ಟನ್ನು ಕಂಕುಳಲ್ಲಿಟ್ಟು, ಇನ್ನೊಂದು ಕೈಯಲ್ಲಿ ಗುರುಗಳನ್ನು ಹಿಡಿದು ಹೊಳೆಯ ಕಡೆ ನಡೆದ. ದಾರಿಯುದ್ದಕ್ಕೂ ಅವನ ಕಾಲು ಹಿಂದೆ ಹಿಂದೆಯೇ ಎಳೆಯುತ್ತಿತ್ತು.

ದಂಡೆಯ ಹತ್ತಿರ ಗುರುಗಳು ನಿಂತರು.

"ಯಾರೋ ನನ್ನ ಧೋತರಾ ಹಿಡದಾರ ನೋಡು."

ಬಗ್ಗಿ ತಡವಿದರು. ಆಮೇಲೆ ನಕ್ಕರು.

"ಉತ್ತರಾಣಿ. ಹೋಗಬ್ಯಾಡ ಅಂತೈತಿ."

ಸೋವಣ್ಣನಿಗೆ ನಗು ಬರಲಿಲ್ಲ. ಕಾಣದೆ ಹೇಗೆ ಗೊತ್ತಾಯಿತು ಎಂದು ಸುಮ್ಮನೆ ಕೇಳಿದ. ನೀರಿಗೆ ಇಳಿಯುವುದು ಅಷ್ಟಾದರೂ ತಡವಾಗಲಿ ಎಂಬ ಆಸೆ.

"ಕೂಡ್ರು," ಎಂದರು ಗುರುಗಳು. "ನನ್ನ ಕೈಗೆ ಅದು ಹೆಂಗ ಕಾಣತೈತಿ, ಬರದು ತೋರಸ್ತೀನಿ."

ಹಸಿ ಮರಳಿನ ಮೇಲೆ ಬೆರಳಿಂದ ಒಂದು ಕಡ್ಡಿ ಬರೆದರು. ಅದಕ್ಕೆ ಮೊಣಕಾಲಿನಂಥ ಗಂಟುಗಳನ್ನು ಇಟ್ಟರು. ಆಮೇಲೆ ಮೈಗೆಲ್ಲ ಕೆಳಮುಖವಾಗಿ ಕೊಕ್ಕೆ, ಒಂದೊಂದೂ ಬೆರಳುದ್ದ.

ಸೋವಣ್ಣ ಈಗ ನಕ್ಕ. ಉತ್ತರಾಣಿಯ ಮುಳ್ಳು ಎಳ್ಳಿನಷ್ಟೂ ಇರುವುದಿಲ್ಲ.

"ಹೂ ಎಲ್ಲೈತ್ರಿ?"

"ಹೂ ಕೈಗೆ ಸಿಗಲಿಲ್ಲ. ಸಿಗದ್ದನ್ನ ಹೆಂಗ ಬರೀಲಿ?"

"ಅಜ್ಜಾರ, ಇದು ಉತ್ತರಾಣಿ ಅಲ್ಲರಿ. ಇದು..."

ಕಂಕುಳ ಕಟ್ಟನ್ನು ಕೆಳಗಿಟ್ಟ. ಗಂಟನ್ನು ಹಲ್ಲಿನಿಂದಲೇ ಬಿಚ್ಚಿದ. ಗರಿಗಳನ್ನು ಸರಿಸುತ್ತ ಹೋದ. ಗಾಳದ ಗಿಡ ಸಿಕ್ಕಿತು. ಮರಳಿನ ಮೇಲಿನದಕ್ಕೂ ಗರಿಯ ಮೇಲಿನದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಇಷ್ಟು ಹೊತ್ತು ಸುಮ್ಮನಿದ್ದಾನಲ್ಲ ಎಂದು ಗುರುಗಳು ಗಾಬರಿಯಾದರು. ಹಾವೇನಾದರೂ ಬಂತೇ ಎಂದು ಕೇಳಿದರು.

ಸೋವಣ್ಣ ಅವರ ಬೆರಳನ್ನು ಹಿಡಿದು ಗರಿಯ ಮೇಲೆ ಇಟ್ಟ.

ಬೆರಳು ಮೆಲ್ಲಗೆ ಹರಿಯಿತು. ಕಡ್ಡಿ, ಗಂಟು, ಕೊಕ್ಕೆ. ಮತ್ತೆ ಮೊದಲಿಂದ ಹರಿಯಿತು.

"ಸೋವಣ್ಣ," ಎಂದರು ಗುರುಗಳು, ಬಹಳ ಸಣ್ಣ ದನಿಯಲ್ಲಿ. "ಇದನ್ನ ಬರದಾಂವಗ ಕಣ್ಣು ಇದ್ದಿಲ್ಲ."

ಆಗ ಅವರಿಗೆ ಇನ್ನೊಂದು ಮಾತು ನೆನಪಾಯಿತು. ಕಟ್ಟು ತಮಗೆ ಬಂದಾಗ ಅಕ್ಷರಗಳಿಗೆ ಮಸಿಯೇ ಹಚ್ಚಿರಲಿಲ್ಲ. ಬರೆದವನು ಮರೆತಿರಬೇಕು ಎಂದುಕೊಂಡು, ಕಾಣಲಿ ಎಂದು ತಾವೇ ಹಚ್ಚಿದ್ದರು.

ಹೊಳೆ ಅವತ್ತು ಬರಿಗೈಲಿ ಹೋಯಿತು.

ಮರುದಿನದಿಂದ ಸೋವಣ್ಣ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೇಲಿ ಬೇಲಿ ತಡವುತ್ತ ತಿರುಗಿದ. ದಾರಿಹೋಕರು ಗುರುವಿನ ಕಣ್ಣು ಹೋಯಿತು, ಶಿಷ್ಯನ ತಲೆ ಹೋಯಿತು ಎಂದು ಮರುಗಿದರು.

ಎಕ್ಕದ ಎಲೆ ಬೆರಳ ನಡುವೆ ರೊಟ್ಟಿಯ ಹಾಗೆ ಸಿಕ್ಕಿತು. ತುಂಬೆಯ ದಂಟು ಸಿಕ್ಕಿತು. ಎಷ್ಟೋ ಸಲ ಕಿತ್ತಿದ್ದ ಗಿಡ, ಅದರ ದಂಟಿಗೆ ನಾಲ್ಕು ಮೂಲೆ ಇದೆಯೆಂದು ಅವನಿಗೆ ಅವತ್ತೇ ತಿಳಿದದ್ದು.

ಒಂದು ದಿನ ನಸುಗುನ್ನಿಯ ಕಾಯಿಗೆ ಕೈ ಹಾಕಿದ. ಮೈಯೆಲ್ಲ ಉರಿ, ತುರಿಕೆ. ಗರಿಗಳಲ್ಲಿ ಒಂದರ ಮೇಲೆ ಕಾಯಿಯಿಂದ ಎಲ್ಲ ಕಡೆ ಬೆಂಕಿ ಏಳುವಂತೆ ಬರೆದದ್ದು ನೆನಪಾಗಿ, ತುರಿಸಿಕೊಳ್ಳುತ್ತಲೇ ಕುಣಿಯುತ್ತ ಬಂದ. ಗುರುಗಳು ಅವನ ಕೈಗೆ ಸಗಣಿ ಬಳಿಯುತ್ತ ಮನಸಾರೆ ನಕ್ಕರು. ಎಷ್ಟೋ ದಿನದ ಮೇಲೆ ಆಶ್ರಮದಲ್ಲಿ ನಗು ಕೇಳಿಸಿತ್ತು.

ಗಿಡ ಗೊತ್ತಾದರೆ ಹೆಸರು ಗೊತ್ತಾಯಿತು. ಹೆಸರು ಗೊತ್ತಾದರೆ ಪಕ್ಕದ ಚುಕ್ಕಿಗಳೂ ಗೊತ್ತಾದವು. ಉತ್ತರಾಣಿ ಎಂಬ ಹೆಸರಿನ ನಡುವೆ ಇದ್ದ ಚುಕ್ಕಿಗುಂಪು ತುಂಬೆಯ ಹೆಸರಿನ ಮೊದಲಲ್ಲೂ ಇತ್ತು. ಹೀಗೆ ಒಂದು ಇನ್ನೊಂದನ್ನು ಕರೆದು ತಂದಿತು. ಮಳೆಗಾಲ ಮುಗಿಯುವ ಹೊತ್ತಿಗೆ ಗೊತ್ತಿಲ್ಲದ ಅಕ್ಷರ ಒಂದೂ ಉಳಿಯಲಿಲ್ಲ.

ಆಗ ಸೋವಣ್ಣ ಮೊದಲ ಗರಿಯನ್ನು ತೆಗೆದ. ಅದರ ಮೇಲೆ ಗಿಡವಿರಲಿಲ್ಲ, ಬರೀ ಬರಹ. ಅಷ್ಟು ದಿನ ಅದನ್ನು ಮುಟ್ಟಲು ಅವನಿಗೆ ಭಯವಿತ್ತು.

ಗುರುಗಳ ಮುಂದೆ ಕುಳಿತು, ಬೆರಳು ಆಡಿಸುತ್ತ ಓದಿದ. ಭಾಷೆ ಹಳೆಯದು, ಅರ್ಥ ಇಷ್ಟು:

ನಾನು ವೈದ್ಯ. ನನ್ನ ಕಣ್ಣು ಹೋದವು, ಗಿಡಗಳು ಎಲ್ಲೂ ಹೋಗಲಿಲ್ಲ. ನನ್ನ ಹಾಗೆ ಕಣ್ಣು ಕಳೆದುಕೊಂಡ ವೈದ್ಯ ಇನ್ನೊಬ್ಬ ಮುಂದೆ ಹುಟ್ಟಿದರೆ, ಅವನು ಕೈಕಟ್ಟಿ ಕೂರದಿರಲಿ ಎಂದು ಇದನ್ನು ಬರೆದಿದ್ದೇನೆ.

ಹಂಪಯ್ಯ ಅತ್ತರು. ಸೋವಣ್ಣನೂ ಅತ್ತ. ಸಂತೋಷಕ್ಕೆ ಅಷ್ಟು ಕಣ್ಣೀರು ಬೇಕಾಗುತ್ತದೆ ಎಂದು ಇಬ್ಬರಿಗೂ ತಿಳಿದಿರಲಿಲ್ಲ.

ಅವತ್ತಿನಿಂದ ಶಿಷ್ಯ ಗುರುವಿಗೆ ಅಕ್ಷರ ಕಲಿಸಿದ. ಮೊದಮೊದಲು ಗುರುಗಳು ತಪ್ಪಿದರು, ಶಿಷ್ಯ ಗದರಿದ. ಆದರೆ ಜೀವಮಾನವಿಡೀ ನಾಡಿ ಹಿಡಿದ ಬೆರಳುಗಳು ಅವು. ಬೇಗನೆ ಶಿಷ್ಯನನ್ನು ಹಿಂದೆ ಹಾಕಿದವು.

ಒಂದೇ ರೀತಿ ಕಾಣುವ ಎರಡು ಬೇರುಗಳಲ್ಲಿ ಮದ್ದು ಯಾವುದು, ವಿಷ ಯಾವುದು ಎಂದು ಒಂದು ಗರಿ ಹೇಳುತ್ತಿತ್ತು. ಗುರುಗಳು ಬೇರುಗಳನ್ನು ತರಿಸಿ, ಉಗುರಿಂದ ಗೀರಿ, ಸವರಿ, ಮೂಸಿ, ಬೇರೆ ಬೇರೆ ಇಟ್ಟರು. ಕಣ್ಣಿದ್ದ ಸೋವಣ್ಣ ಎರಡು ಸಲ ತಪ್ಪಿದ. ಅವರು ಒಂದು ಸಲವೂ ತಪ್ಪಲಿಲ್ಲ.

"ಕಟ್ಟಿಮ್ಯಾಲಿನ ಕಸಾ ಹೊಡಿ," ಎಂದರು. "ಆಡು ಓಡಸು."

ಸುದ್ದಿ ಹರಡಿತು. ಅಲ್ಲಿ ಇಲ್ಲಿ ಅಲೆದು ಬೇಸತ್ತವರು ತಿರುಗಿ ಬಂದರು. ಹಂಪಯ್ಯ ನಾಡಿ ಹಿಡಿದರು, ಎಲೆ ತಡವಿದರು, ಮದ್ದು ಕೊಟ್ಟರು. ಕಟ್ಟೆಯ ಮೇಲೆ ಜಾಗ ಸಾಲದೆ ಜನ ಬೇವಿನ ನೆರಳಿಗೆ ಕೂತರು.

ಒಂದು ಸಂಜೆ, ಎಲ್ಲರೂ ಹೋದ ಮೇಲೆ, ಗುರುಗಳು ಕೊನೆಯ ಗರಿಯ ಮೇಲೆ ಬೆರಳು ಆಡಿಸುತ್ತ ಕೂತಿದ್ದರು. ಮುಖ ಹಬ್ಬದ ಮುಖ. ಸೋವಣ್ಣ ಹತ್ತಿರ ಬಂದು, ಇನ್ನು ನಿಮಗೆ ಯಾವ ಕೊರಗೂ ಉಳಿಯಲಿಲ್ಲ ಅಲ್ಲವೇ ಎಂದು ಹೆಮ್ಮೆಯಿಂದ ಕೇಳಿದ.

"ಒಂದೈತಿ," ಎಂದರು ಗುರುಗಳು. "ಈ ಹಾಳ ಕಣ್ಣು ಇನ್ನೊಂದ್ ನಾಕ್ ವರ್ಷ ಮೊದಲ ಹೋಗಬಾರದಿತ್ತೇನೋ, ಸೋವಣ್ಣ?"